ಹೋಮೋಸಿಸ್ಟೀನ್ ಹೆಚ್ಚು ಬಂದಿದೆಯಾ? ರಿಪೋರ್ಟಿನಿಂದ ಊಟದ ತಟ್ಟೆಯವರೆಗೆ ಏಳು ಹಂತ

‘ಹೋಮೋಸಿಸ್ಟೀನ್ 28 ಬಂದಿದೆ. ಹಾರ್ಟ್ ಅಟ್ಯಾಕ್ ಆಗುತ್ತಾ ಮೇಡಂ?’

ಒಂದು ವಾರ ಕುವೆಂಪುನಗರದಿಂದ, ಇನ್ನೊಂದು ವಾರ ಮದ್ದೂರಿನಿಂದ. ಊರು ಬೇರೆ, ಪ್ರಶ್ನೆ ಮಾತ್ರ ಇದೇ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಬರುತ್ತಿದ್ದಾಗ ಮೈಸೂರಿನ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದಿದ್ದು ನಿಮಗೂ ನೆನಪಿರಬಹುದು. ಆಮೇಲೆ ನನ್ನ ಹತ್ತಿರ ಬರುವವರ ಕೈಯಲ್ಲಿ ‘ಹಾರ್ಟ್ ಪ್ಯಾಕೇಜ್’ ರಿಪೋರ್ಟುಗಳು ಜಾಸ್ತಿಯಾದವು. ಅದರ ಕೊನೇ ಪುಟದಲ್ಲೆಲ್ಲೋ ಈ ಹೆಸರು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಕೊಲೆಸ್ಟ್ರಾಲ್ ಗೊತ್ತು, ಶುಗರ್ ಗೊತ್ತು, ಇದು ಯಾವುದಪ್ಪಾ ಎಂದು ಮನೆಮಂದಿಗೆಲ್ಲ ನಿದ್ದೆ ಇಲ್ಲ.

ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಒಂದೇ ಉತ್ತರವನ್ನು ಫೋನಿನಲ್ಲಿ ನೂರು ಸಲ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ನಮ್ಮ ಕಡೆಯ ಮನೆಗಳಲ್ಲಿ ಈ ಸಂಖ್ಯೆ ಹೃದಯದ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಬಿ12 ಎಂಬ ವಿಟಮಿನ್ನಿನ ಕೊರತೆಯ ಬಗ್ಗೆ ಹೇಳುತ್ತದೆ. ಆ ಕೊರತೆಯನ್ನು ಸರಿಮಾಡಲೇಬೇಕು. ಆದರೆ ಅದನ್ನು ಸರಿಮಾಡಿದ ಮಾತ್ರಕ್ಕೆ ಹೃದಯದ ಲೆಕ್ಕ ಮುಗಿಯುವುದಿಲ್ಲ.

ಒಂದು ಎಚ್ಚರಿಕೆ. ಎದೆ ಹಿಂಡಿದಂತೆ ನೋವು, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಈಗಲೇ ಇದ್ದರೆ ಓದುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ‘ಗ್ಯಾಸ್ ಇರಬೇಕು, ಬೆಳಗ್ಗೆ ನೋಡೋಣ’ ಎನ್ನುವುದು ನಮ್ಮ ಕಡೆಯ ಅತಿ ದುಬಾರಿ ಮಾತು.

ಕೈಯಲ್ಲಿ ಏನೇನಿರಬೇಕು

ಹೋಮೋಸಿಸ್ಟೀನ್ ರಿಪೋರ್ಟ್. ನೀವು ದಿನಾ ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಗ್ಯಾಸಿನ ಮಾತ್ರೆಯನ್ನೂ ಸೇರಿಸಿ. ಕಳೆದ ಒಂದು ವಾರ ನಿಜಕ್ಕೂ ಏನು ತಿಂದಿರಿ ಎಂಬುದರ ಚೀಟಿ. ಡಾಕ್ಟರ ಮುಂದೆ ಹೇಳುವ ಊಟವೇ ಬೇರೆ, ತಿನ್ನುವ ಊಟವೇ ಬೇರೆ. ಬೇಕಾಗಿರುವುದು ಎರಡನೆಯದು.

ಈ ಹೋಮೋಸಿಸ್ಟೀನ್ ಅಂದರೇನು

ಬೇಳೆ, ಹಾಲು, ಮೊಟ್ಟೆ, ಮಾಂಸ ಯಾವುದೇ ಇರಲಿ, ಅದರಲ್ಲಿರುವ ಪ್ರೋಟೀನು ಹೊಟ್ಟೆಯಲ್ಲಿ ಚೂರಾಗಿ ಅಮೈನೋ ಆಮ್ಲಗಳಾಗುತ್ತದೆ. ಪ್ರೋಟೀನನ್ನು ಗೋಡೆ ಎಂದುಕೊಂಡರೆ ಅಮೈನೋ ಆಮ್ಲ ಒಂದೊಂದು ಇಟ್ಟಿಗೆ. ಅಂಥ ಒಂದು ಇಟ್ಟಿಗೆಯ ಹೆಸರು ಮೆಥಿಯೊನೀನ್. ದೇಹ ಅದನ್ನು ಬಳಸಿಕೊಳ್ಳುವಾಗ ನಡುವೆ ಹುಟ್ಟುವ ವಸ್ತುವೇ ಹೋಮೋಸಿಸ್ಟೀನ್. ಇದು ಹೊರಗಿನಿಂದ ಬಂದ ವಿಷವಲ್ಲ. ಪ್ರತಿಯೊಬ್ಬರ ರಕ್ತದಲ್ಲೂ ಪ್ರತಿಕ್ಷಣ ಹುಟ್ಟುತ್ತಲೇ ಇರುತ್ತದೆ.

ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ಕೆರೆಗೆ ನೀರು ಬರುತ್ತಿದೆ, ಹೊರಹೋಗಲು ಎರಡು ತೂಬು ಇವೆ. ಒಂದು ತೂಬು ತೆರೆದರೆ ಹೋಮೋಸಿಸ್ಟೀನ್ ತಿರುಗಿ ಮೆಥಿಯೊನೀನ್ ಆಗುತ್ತದೆ. ಈ ತೂಬಿಗೆ ಎರಡು ಕೀಲಿ ಬೇಕು, ಫೋಲೇಟ್ ಎಂಬ ಸೊಪ್ಪಿನ ವಿಟಮಿನ್ ಮತ್ತು ಬಿ12. ಇನ್ನೊಂದು ತೂಬಿನಲ್ಲಿ ಅದು ಸಿಸ್ಟೀನ್ ಎಂಬ ಬೇರೆ ಅಮೈನೋ ಆಮ್ಲವಾಗಿ ಹೊರಟುಹೋಗುತ್ತದೆ. ಅದಕ್ಕೆ ಬಿ6 ಬೇಕು. ಕೀಲಿ ಇಲ್ಲದೆ ತೂಬು ಜಾಮ್ ಆದರೆ ನೀರು ಕಟ್ಟೆಯ ಮಟ್ಟಕ್ಕೆ ಏರುತ್ತದೆ. ನಿಮ್ಮ ರಿಪೋರ್ಟಿನ 28 ಅಂದರೆ ಆ ಏರಿದ ಮಟ್ಟ.

ಇದನ್ನು ಹೃದಯಕ್ಕೆ ತಳಕು ಹಾಕಿದ್ದು ಹೇಗೆ? 1962ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಕೆಲವು ಮಕ್ಕಳ ಮೂತ್ರದಲ್ಲಿ ಹೋಮೋಸಿಸ್ಟೀನಿನ ಅಂಶ ವಿಪರೀತ ಇರುವುದು ಪತ್ತೆಯಾಯಿತು. ಅದು ಹುಟ್ಟಿನಿಂದಲೇ ಬರುವ, ಬಹಳ ಅಪರೂಪದ ಕಾಯಿಲೆ. ಅಂಥ ಮಕ್ಕಳಿಗೆ ಎಳೆವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟುತ್ತಿತ್ತು. 1969ರಲ್ಲಿ ಅಮೆರಿಕದ ಕಿಲ್ಮರ್ ಮೆಕ್ಕಲಿ ಎಂಬ ವೈದ್ಯರು ಇಂಥ ಮಕ್ಕಳ ರಕ್ತನಾಳ ಮುದುಕರದ್ದರಂತೆ ಗಡುಸಾಗಿರುವುದನ್ನು ನೋಡಿ, ಹೋಮೋಸಿಸ್ಟೀನ್ ಸ್ವಲ್ಪ ಏರಿದರೂ ದೊಡ್ಡವರ ರಕ್ತನಾಳ ಹಾಳಾಗಬಹುದು ಎಂದು ವಾದಿಸಿದರು. ಹೋಮೋಸಿಸ್ಟೀನ್ ಹೆಚ್ಚಿರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬರುತ್ತದೆ ಎಂದು ಆಮೇಲಿನ ಹಲವು ಅಧ್ಯಯನಗಳೂ ಹೇಳಿದವು. ಜೊತೆಗೆ ಕಾಣಿಸುತ್ತದೆ ಎಂಬುದು ನಿಜ. ಅದೇ ಕಾರಣವೇ ಎಂಬ ಪ್ರಶ್ನೆಗೆ ಆರನೇ ಹಂತದಲ್ಲಿ ಬರುತ್ತೇನೆ.

1. ರಿಪೋರ್ಟನ್ನು ನಂಬುವ ಮೊದಲು, ರಕ್ತ ಹೇಗೆ ತೆಗೆದರು ಕೇಳಿ

ಹೆಚ್ಚಿನವರು ಈ ಹಂತವನ್ನು ಹಾರಿಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಗಾಬರಿ ಇಲ್ಲೇ ಇಳಿಯಬೇಕು.

ರಕ್ತವನ್ನು ಟ್ಯೂಬಿಗೆ ಹಾಕಿದ ಮೇಲೂ ಅದರೊಳಗಿನ ಕೆಂಪು ಕಣಗಳು ಹೋಮೋಸಿಸ್ಟೀನನ್ನು ಹೊರಬಿಡುತ್ತಲೇ ಇರುತ್ತವೆ. ತೆಗೆದ ತಕ್ಷಣ ಟ್ಯೂಬನ್ನು ಐಸಿನಲ್ಲಿಡಬೇಕು, ಸುಮಾರು ಒಂದು ಗಂಟೆಯೊಳಗೆ ಯಂತ್ರದಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡಬೇಕು. ಹಾಗೆ ಮಾಡದೆ ಬಿಟ್ಟರೆ ಗಂಟೆಗೆ ಸುಮಾರು ಶೇ 10ರಷ್ಟು ಸಂಖ್ಯೆ ತಾನಾಗಿ ಏರುತ್ತದೆ. ಈಗ ಯೋಚನೆ ಮಾಡಿ. ಬೆಳಗ್ಗೆ ಏಳಕ್ಕೆ ನಾಗಮಂಗಲದ ಮನೆಗೆ ಹುಡುಗ ಬಂದು ರಕ್ತ ತೆಗೆದ. ಇನ್ನೂ ಆರು ಮನೆ ಸುತ್ತಿದ. ಚೀಲ ಬೈಕಿನ ಮೇಲೆ ಬಿಸಿಲಲ್ಲಿ ಮೈಸೂರು ಸೇರುವ ಹೊತ್ತಿಗೆ ಹನ್ನೊಂದು. ನಿಮ್ಮ ನಿಜವಾದ 14 ಅಷ್ಟರಲ್ಲಿ 19, 20 ಆಗಿರಬಹುದು.

ಆದ್ದರಿಂದ ಈ ಪರೀಕ್ಷೆಗೆ ಮನೆಗೆ ಕರೆಸಬೇಡಿ. ರಕ್ತ ತೆಗೆಯುವ ಜಾಗದಲ್ಲೇ ಸೆಂಟ್ರಿಫ್ಯೂಜ್, ಅಂದರೆ ರಕ್ತ ತಿರುಗಿಸಿ ಬೇರೆ ಮಾಡುವ ಯಂತ್ರ, ಇರುವ ಲ್ಯಾಬಿಗೆ ನೀವೇ ಹೋಗಿ. ರಾತ್ರಿ ಊಟವಾದ ಮೇಲೆ ಹತ್ತು ಹನ್ನೆರಡು ಗಂಟೆ ಖಾಲಿ ಹೊಟ್ಟೆ, ನೀರು ಕುಡಿಯಬಹುದು. ‘ಐಸಿನಲ್ಲಿ ಇಡ್ತೀರಾ?’ ಎಂದು ಕೇಳಲು ನಾಚಿಕೆ ಬೇಡ, ಕೇಳಿದರೆ ಅವರೇ ಎಚ್ಚರವಾಗುತ್ತಾರೆ.

ಇನ್ನೊಂದು ತಪ್ಪು: ಗಾಬರಿಯಲ್ಲಿ ಮೊದಲು ಬಿ12 ಇಂಜೆಕ್ಷನ್ ಹಾಕಿಸಿಕೊಂಡು, ಆಮೇಲೆ ಬಿ12 ಪರೀಕ್ಷೆ ಮಾಡಿಸುವುದು. ಆಗ ಬರುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ರಕ್ತ ಮೊದಲು, ಸೂಜಿ ಆಮೇಲೆ. ಕೂದಲು ಉದುರುತ್ತೆ ಎಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಲ್ಯಾಬಿನಲ್ಲಿ ಹೇಳಿ. ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಿಸುತ್ತದೆ.

2. ಸಂಖ್ಯೆಯನ್ನು ಓದಿ

ಅಳತೆ ಲೀಟರಿಗೆ ಮೈಕ್ರೋಮೋಲ್. 5ರಿಂದ 15 ಸಾಮಾನ್ಯ. 15ರಿಂದ 30 ಸ್ವಲ್ಪ ಹೆಚ್ಚು, 30ರಿಂದ 100 ಮಧ್ಯಮ, 100 ದಾಟಿದರೆ ತೀವ್ರ. ಗಂಡಸರಿಗೆ ಹೆಂಗಸರಿಗಿಂತ ತುಸು ಹೆಚ್ಚಿರುತ್ತದೆ, ವಯಸ್ಸಾದಂತೆಯೂ ಏರುತ್ತದೆ. ನನಗೆ ಬರುವ ರಿಪೋರ್ಟುಗಳಲ್ಲಿ ಬಹುಪಾಲು 15ರಿಂದ 40ರ ನಡುವಿನವು. 100ರ ಹತ್ತಿರ ಇದ್ದರೆ ಈ ಲೇಖನ ಸಾಲದು, ವೈದ್ಯರನ್ನು ಈ ವಾರವೇ ನೋಡಿ.

3. ಕಾರಣ ಹುಡುಕಿ

ತೂಬು ಯಾಕೆ ಜಾಮ್ ಆಯಿತು ಅಂತ ನೋಡದೆ ಮಾತ್ರೆ ನುಂಗಬೇಡಿ. ವೈದ್ಯರ ಜೊತೆ ಮಾತಾಡಿ ನಾಲ್ಕು ಸಾಮಾನ್ಯ ಪರೀಕ್ಷೆ ಮಾಡಿಸಿದರೆ ಹೆಚ್ಚುಪಾಲು ಉತ್ತರ ಸಿಗುತ್ತದೆ: ಬಿ12, ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ, ಮೂತ್ರಪಿಂಡಕ್ಕೆ ಕ್ರಿಯಾಟಿನೀನ್, ಥೈರಾಯ್ಡಿಗೆ ಟಿಎಸ್‌ಎಚ್. ಮೂತ್ರಪಿಂಡ ಸೋತಿದ್ದರೂ, ಥೈರಾಯ್ಡ್ ನಿಧಾನವಾಗಿದ್ದರೂ ಹೋಮೋಸಿಸ್ಟೀನ್ ಏರುತ್ತದೆ. ಬೀಡಿ, ಸಿಗರೇಟು, ಕುಡಿತ ಅದನ್ನು ಏರಿಸುತ್ತವೆ. ದಿನಕ್ಕೆ ನಾಲ್ಕೈದು ದೊಡ್ಡ ಲೋಟ ಕಾಫಿಯೂ ಸ್ವಲ್ಪ ಏರಿಸುತ್ತದೆ. ಮೈಸೂರಿನವರಿಗೆ ಇದನ್ನು ಹೇಳಲು ನನಗೇ ಬೇಜಾರು. ಎರಡು ಲೋಟಕ್ಕೆ ನನ್ನ ತಕರಾರಿಲ್ಲ.

ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದೇ ಲೆಕ್ಕ. 200ರಿಂದ 300 ಅನುಮಾನದ ಜಾಗ. ಅಲ್ಲಿದ್ದು ಹೋಮೋಸಿಸ್ಟೀನೂ ಹೆಚ್ಚಿದ್ದರೆ, ಸಾಮಾನ್ಯವಾಗಿ ಕೊರತೆ ಇದೆ ಎಂದೇ ಅರ್ಥ. ಪುಣೆಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ ಗಂಡಸರಲ್ಲಿ ಮೂರರಲ್ಲಿ ಇಬ್ಬರಿಗೆ ಬಿ12 ಕಡಿಮೆ ಇತ್ತು, ಅರ್ಧಕ್ಕಿಂತ ಹೆಚ್ಚು ಜನರ ಹೋಮೋಸಿಸ್ಟೀನ್ ಏರಿತ್ತು. ನೀವು ಒಬ್ಬರೇ ಅಲ್ಲ.

ಮಾತ್ರೆಗಳ ಪಟ್ಟಿ ತೆಗೆಯಿರಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಇಳಿಯುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸಿನ ಮಾತ್ರೆಗಳೂ ಹಾಗೆಯೇ. ಆಹಾರಕ್ಕೆ ಅಂಟಿಕೊಂಡಿರುವ ಬಿ12 ಬಿಡಿಸಲು ಹೊಟ್ಟೆಯ ಆಮ್ಲ ಬೇಕು, ಈ ಮಾತ್ರೆ ಆಮ್ಲವನ್ನೇ ತಗ್ಗಿಸುತ್ತದೆ. ಹದಿನೈದು ದಿನಕ್ಕೆ ಬರೆದುಕೊಟ್ಟ ಗ್ಯಾಸಿನ ಮಾತ್ರೆಯನ್ನು ಆರು ವರ್ಷದಿಂದ ಮೆಡಿಕಲ್ ಸ್ಟೋರಿನಲ್ಲಿ ತಾವೇ ಕೇಳಿ ತಗೊಂಡು ತಿನ್ನುತ್ತಿರುವವರು ನಮ್ಮಲ್ಲಿ ಕಡಿಮೆ ಇಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಫೋಲೇಟಿಗೆ ಅಡ್ಡ ಬರುತ್ತವೆ. ಇವನ್ನು ಓದಿದ ತಕ್ಷಣ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ.

ಎಂಟಿಎಚ್‌ಎಫ್‌ಆರ್ ಎಂಬ ಜೀನ್ ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ಆ ದುಡ್ಡು ಉಳಿಸಿ. ಆ ಜೀನಿನ ಸಾಮಾನ್ಯ ಬದಲಾವಣೆ ಲಕ್ಷಾಂತರ ಜನರಲ್ಲಿದೆ. ರಕ್ತ ಹೆಪ್ಪುಗಟ್ಟುವ ತೊಂದರೆಗೆಂದು ಈ ಪರೀಕ್ಷೆ ಮಾಡಿಸುವುದು ಬೇಡ ಎಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಘವೇ 2013ರಲ್ಲಿ ಹೇಳಿದೆ. ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ.

4. ತಟ್ಟೆಯನ್ನು ಸರಿಮಾಡಿ

ಮೊದಲ ತಪ್ಪುಕಲ್ಪನೆ: ‘ಪ್ರೋಟೀನಿನಿಂದ ತಾನೇ ಇದು ಹುಟ್ಟೋದು? ಬೇಳೆಕಾಳು, ಮೊಟ್ಟೆ ಬಿಟ್ಟುಬಿಡ್ತೀನಿ.’ ದಯವಿಟ್ಟು ಬೇಡ. ಮೆಥಿಯೊನೀನ್ ಹೆಚ್ಚಿರುವುದು ಮಾಂಸ, ಮೊಟ್ಟೆ, ಮೀನಿನಲ್ಲಿ. ಆದರೂ ಹೋಮೋಸಿಸ್ಟೀನ್ ಹೆಚ್ಚಿರುವುದು ಸಾಮಾನ್ಯವಾಗಿ ಸಸ್ಯಾಹಾರಿಗಳಲ್ಲಿ! ಕೆರೆಗೆ ನೀರು ಜಾಸ್ತಿ ಬಂದದ್ದು ಕಾರಣವಲ್ಲ, ತೂಬು ತೆರೆಯದ್ದು ಕಾರಣ. ಒಳಹರಿವು ನಿಲ್ಲಿಸಿದರೆ ಗದ್ದೆ ಒಣಗುತ್ತದೆ ಅಷ್ಟೇ. ಪ್ರೋಟೀನ್ ಕಡಿಮೆ ಮಾಡುವ ಪಥ್ಯ ಬೇಕಾಗುವುದು ನಾನು ಮೇಲೆ ಹೇಳಿದ ಆ ಅಪರೂಪದ ಹುಟ್ಟುಕಾಯಿಲೆಯವರಿಗೆ. ನಿಮಗಲ್ಲ.

ಫೋಲೇಟ್ ವಿಷಯದಲ್ಲಿ ನಮ್ಮ ಊಟ ಬಹಳ ಒಳ್ಳೆಯದು, ಮಾಡುವುದನ್ನು ಮರೆಯದಿದ್ದರೆ. ಸೊಪ್ಪು, ಕಾಳು, ಕಡಲೆಕಾಯಿ, ಕಿತ್ತಳೆ ಇವೆಲ್ಲ ಫೋಲೇಟಿನ ಮನೆ. 100 ಗ್ರಾಂ ಬೇಯಿಸಿದ ಅಲಸಂದೆ ಕಾಳಿನಲ್ಲಿ ಸುಮಾರು 200 ಮೈಕ್ರೋಗ್ರಾಂ ಫೋಲೇಟ್ ಇದೆ. ಕಡಲೆಕಾಳು, ಹೆಸರುಕಾಳು ತುಸು ಹಿಂದೆ. ದಿನಕ್ಕೆ ಬೇಕಾಗುವುದು 200ರಿಂದ 400, ಬಸುರಿಯರಿಗೆ ಇನ್ನೂ ಹೆಚ್ಚು. ಈ ವಿಟಮಿನ್ನಿನ ಜಾಡು ಮೊದಲು ಸಿಕ್ಕಿದ್ದೂ ನಮ್ಮ ದೇಶದಲ್ಲೇ. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಬೊಂಬಾಯಿನ ಗಿರಣಿ ಕೆಲಸದ ಬಸುರಿ ಹೆಂಗಸರ ರಕ್ತಹೀನತೆಗೆ ಯೀಸ್ಟಿನ ಸಾರ ಕೊಟ್ಟು ವಾಸಿಮಾಡಿ, 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲೇಟ್ ಎಂದು ತಿಳಿದದ್ದು ಎಷ್ಟೋ ಆಮೇಲೆ.

ಫೋಲೇಟಿನ ಸ್ವಭಾವ ಏನೆಂದರೆ, ಅದು ನೀರಿಗೆ ಇಳಿದುಬಿಡುತ್ತದೆ, ಹೆಚ್ಚು ಹೊತ್ತು ಕುದಿಸಿದರೆ ಹಾಳಾಗುತ್ತದೆ. ಪಾಲಕ್ ಬೇಯಿಸಿ ನೀರು ಚೆಲ್ಲಿ ಬರೀ ಸೊಪ್ಪು ರುಬ್ಬುವ ಹೋಟೆಲಿನ ಪಾಲಕ್ ಪನೀರಿನಲ್ಲಿ ಅರ್ಧ ಫೋಲೇಟ್ ಮೋರಿಗೆ ಹೋಗಿರುತ್ತದೆ. ನಮ್ಮ ಅಜ್ಜಿಯರು ಏನು ಮಾಡುತ್ತಿದ್ದರು? ಸೊಪ್ಪು ಕಾಳು ಬೇಯಿಸಿ ಬಸಿದು, ಆ ಕಟ್ಟಿನಲ್ಲೇ ಬಸ್ಸಾರು ಮಾಡಿ, ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಿದ್ದರು. ನೀರಿಗೆ ಇಳಿದದ್ದು ಸಾರಿನಲ್ಲೇ ಸಿಕ್ಕಿತು. ಉಪ್ಸಾರೂ ಇದೇ ಲೆಕ್ಕ. ಮಸ್ಸೊಪ್ಪಿನಲ್ಲಂತೂ ಬಸಿಯುವ ಮಾತೇ ಇಲ್ಲ. ವಾರಕ್ಕೆ ನಾಲ್ಕು ದಿನ ಇವುಗಳಲ್ಲಿ ಒಂದು ಮಾಡಿ. ಕೀರೆ, ದಂಟು, ಮೆಂತ್ಯ, ನುಗ್ಗೆ, ಹೊಲದ ಬೆರಕೆ ಸೊಪ್ಪು, ಏನು ಸಿಕ್ಕಿದರೂ ಸರಿ. ಆದರೆ ಬಸ್ಸಾರನ್ನು ಮೂರು ದಿನ ಕುದಿಸಿ ಕುದಿಸಿ ಉಣ್ಣುವ ಅಭ್ಯಾಸ ಇದೆಯಲ್ಲ, ರುಚಿ ಏರುತ್ತದೆ, ಫೋಲೇಟ್ ಇಳಿಯುತ್ತದೆ. ಉಪ್ಪೂ ನೋಡಿಕೊಳ್ಳಿ. ಉಪ್ಸಾರಿನ ಖಾರದ ಜೊತೆ ದಿನದ ಐದು ಗ್ರಾಂ ಮಿತಿ ದಾಟುವುದು ಸುಲಭ. ಬಿಪಿ ಇರುವವರು ಖಾರಕ್ಕೆ ಉಪ್ಪು ಹಾಕದೆ ರುಬ್ಬಿಕೊಳ್ಳಿ.

ಕಷ್ಟ ಇರುವುದು ಬಿ12ರಲ್ಲಿ. ಅದು ಯಾವ ಸೊಪ್ಪಿನಲ್ಲೂ, ಕಾಳಿನಲ್ಲೂ, ರಾಗಿಯಲ್ಲೂ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಮಾತ್ರ. ನಮಗೆ ಸಿಗುವುದು ಪ್ರಾಣಿಯ ಮೂಲಕ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ, ಅಂದರೆ ಕಣ್ಣಿಗೆ ಕಾಣದಷ್ಟು. ಅಷ್ಟನ್ನೂ ಕೂಡಿಸುವುದು ಸಸ್ಯಾಹಾರಿಗೆ ದೊಡ್ಡ ಕೆಲಸ.

ಲೆಕ್ಕ ಹಾಕೋಣ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ. ಮೂರು ಲೋಟ ಕಾಫಿಯ ಹಾಲು ಸೇರಿಸಿದರೂ 150 ಮಿಲಿಲೀಟರ್ ಆಗುವುದು ಕಷ್ಟ. ಒಂದು ಬಟ್ಟಲು ಮೊಸರು ಸೇರಿಸಿ. ಒಟ್ಟು ಒಂದು, ಒಂದೂಕಾಲು ಮೈಕ್ರೋಗ್ರಾಂ, ಅಂದರೆ ಅರ್ಧ ದಾರಿ. ‘ನಾವು ಮನೇಲಿ ಹಾಲು ತುಪ್ಪ ಚೆನ್ನಾಗಿ ತಿಂತೀವಿ’ ಎಂದರೆ ನಾನು ಕೇಳುವುದು, ಹಾಲು ಎಷ್ಟು, ತುಪ್ಪ ಎಷ್ಟು? ತುಪ್ಪ, ಬೆಣ್ಣೆಯಲ್ಲಿ ಬಿ12 ಇಲ್ಲವೆನ್ನುವಷ್ಟು ಕಡಿಮೆ. ನೀರುಮಜ್ಜಿಗೆಯಲ್ಲಿ ನೀರೇ ಹೆಚ್ಚು. ಪ್ಯಾಕೆಟ್ ಹಾಲಿಗೆ ಎ ಮತ್ತು ಡಿ ವಿಟಮಿನ್ ಸೇರಿಸಿರುತ್ತಾರೆ, ಅದು ಬಿ12 ಅಲ್ಲ. ಹಾಲನ್ನು ಮತ್ತೆ ಮತ್ತೆ ಕಾಯಿಸಿದರೆ ಇರುವ ಬಿ12 ಕೂಡ ಕಳೆಯುತ್ತದೆ. ಒಮ್ಮೆ ಉಕ್ಕಿಸಿ ಇಳಿಸಿ, ಬೇಕಾದಷ್ಟನ್ನೇ ಬಿಸಿ ಮಾಡಿಕೊಳ್ಳಿ.

ಹಾಗಾದರೆ ಸಸ್ಯಾಹಾರಿ ದಿನಕ್ಕೆ ಹಾಲು ಮೊಸರು ಸೇರಿ ಅರ್ಧ ಲೀಟರ್ ತಲುಪಬೇಕು. ಒಂದೇ ಸಲ ಬೇಡ. ಒಂದು ಹೊತ್ತಿಗೆ ಕರುಳು ಹೀರಿಕೊಳ್ಳುವ ಬಿ12 ಒಂದೂವರೆ, ಎರಡು ಮೈಕ್ರೋಗ್ರಾಂ ಅಷ್ಟೇ, ಆದ್ದರಿಂದ ಮೂರು ಹೊತ್ತಿಗೆ ಹಂಚಿ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ, ಅದೂ ಹೆಚ್ಚಾಗಿ ಹಳದಿಯಲ್ಲಿ. ಬರೀ ಬಿಳಿಭಾಗ ತಿಂದು ಹಳದಿ ಬಿಸಾಕುವವರು ಬಿ12 ಬಿಸಾಕುತ್ತಿದ್ದಾರೆ. ಭೂತಾಯಿ, ಬಂಗುಡೆ ತಿನ್ನುವವರು ಅದೃಷ್ಟವಂತರು, ಒಂದು ಊಟದಲ್ಲಿ ಎರಡು ಮೂರು ದಿನದ ಬಿ12 ಇದೆ. ಮಟನ್ನಿನಲ್ಲೂ ಚೆನ್ನಾಗಿದೆ. ಕೋಳಿಯಲ್ಲಿ ಅಷ್ಟಿಲ್ಲ. ಹಬ್ಬಕ್ಕೊಮ್ಮೆ, ಬೀಗರೂಟಕ್ಕೊಮ್ಮೆ ಬಾಡೂಟ ಮಾಡಿ ಮಿಕ್ಕ ದಿನ ಮುದ್ದೆ ಸಾರು ಉಣ್ಣುವವರು ‘ನಾವು ಮಾಂಸ ತಿನ್ನೋರು, ನಮಗೆ ಬಿ12 ಕೊರತೆ ಬರಲ್ಲ’ ಎನ್ನುವುದು ತಪ್ಪು. ಅವರದ್ದೂ ಹೆಚ್ಚುಕಡಿಮೆ ಸಸ್ಯಾಹಾರಿ ಲೆಕ್ಕವೇ.

ಇಡ್ಲಿ ಹಿಟ್ಟು ಹುದುಗಿದರೆ ಬಿ12 ಬರುತ್ತದೆ ಎಂದು ಫೋನುಗಳಲ್ಲಿ ಸುತ್ತುತ್ತಿರುವ ಮಾತನ್ನು ನೆಚ್ಚಬೇಡಿ. ಸ್ಪಿರುಲಿನಾ ಪುಡಿಯೂ ಅಷ್ಟೇ. ಈ ಪಾಚಿಯ ಮೇಲೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬಹಳ ಕೆಲಸ ನಡೆದಿದೆ, ಪ್ರೋಟೀನಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿರುವ ಬಿ12 ಬಹುಪಾಲು ನಮ್ಮ ದೇಹಕ್ಕೆ ಒಗ್ಗದ ನಕಲಿ ರೂಪದ್ದು. ಲೇಬಲ್ಲಿನ ಅಂಕಿ ನೋಡಿ ಮೋಸಹೋಗಬೇಡಿ.

ರೇಷನ್ ಅಕ್ಕಿಯ ವಿಷಯ ಹೇಳಲೇಬೇಕು. ಅಕ್ಕಿ ತೊಳೆಯುವಾಗ ಕೆಲವು ಕಾಳು ಬೇರೆ ಥರ ಕಾಣುತ್ತವೆ, ತೇಲುತ್ತವೆ, ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೇ ಕಬ್ಬಿಣ, ಫೋಲಿಕ್ ಆಮ್ಲ (ಫೋಲೇಟಿನ ಔಷಧಿ ರೂಪ), ಬಿ12 ಬೆರೆಸಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಸೇರಿಸಿರುತ್ತಾರೆ. ನಿಮಗೆ ಬೇಕಾದದ್ದನ್ನೇ ಎಸೆಯಬೇಡಿ. ಹಾಗೆಂದು ಇದೊಂದನ್ನೇ ನಂಬಿ ಕೂರಬೇಡಿ: ಇಂಥ ಅಕ್ಕಿಯಲ್ಲಿ ಕಿಲೋಗೆ ಬಿ12 ಸುಮಾರು ಒಂದು ಮೈಕ್ರೋಗ್ರಾಂ. ಕಾಲು ಕಿಲೋ ಅಕ್ಕಿಯ ಅನ್ನ ಉಂಡರೂ ಸಿಗುವುದು ಕಾಲು ಮೈಕ್ರೋಗ್ರಾಂ. ಅಷ್ಟು ಅನ್ನದಿಂದ ಶುಗರ್‌ಗೆ ಆಗುವ ಕೆಲಸವೇ ದೊಡ್ಡದು.

5. ಮಾತ್ರೆ ಬೇಕಾದರೆ

ಬಿ12 ಈಗಾಗಲೇ 150ಕ್ಕೆ ಇಳಿದಿದ್ದರೆ ಹಾಲು ಮೊಸರಿನಿಂದ ಮೇಲೇಳುವುದು ಬಹಳ ನಿಧಾನ. ಆಗ ಔಷಧಿಯೇ ದಾರಿ. ಪಾದ ಉರಿ, ಜೋಮು, ನಡೆಯುವಾಗ ತೂರಾಡುವುದು, ಮರೆವು ಇದ್ದರೆ ವೈದ್ಯರು ಸಾಮಾನ್ಯವಾಗಿ ಇಂಜೆಕ್ಷನ್ನಿನಿಂದ ಶುರುಮಾಡುತ್ತಾರೆ. ಇಲ್ಲದಿದ್ದರೆ 1,000 ಮೈಕ್ರೋಗ್ರಾಂ ಮಾತ್ರೆ ಸಾಕಾಗುತ್ತದೆ. ದಿನಕ್ಕೆ ಬೇಕಾಗಿರುವುದು ಎರಡು, ಕೊಡುವುದು ಸಾವಿರವೇ ಎಂದು ಹೌಹಾರಬೇಡಿ. ಇಷ್ಟು ದೊಡ್ಡ ಪ್ರಮಾಣದಲ್ಲಿ ಶೇ 1ರಷ್ಟು ಮಾತ್ರ ಒಳಸೇರುತ್ತದೆ. ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಲಿ.

ಇಲ್ಲಿರುವ ದೊಡ್ಡ ಹೊಂಡ: ಬಿ12 ನೋಡದೆ ಬರೀ ಫೋಲಿಕ್ ಆಮ್ಲದ ಮಾತ್ರೆ ನುಂಗುವುದು. ಹೋಮೋಸಿಸ್ಟೀನ್ ಇಳಿಯುತ್ತದೆ, ರಕ್ತಹೀನತೆಯೂ ಸರಿಹೋದಂತೆ ಕಾಣುತ್ತದೆ. ಒಳಗೆ ಬಿ12 ಇಲ್ಲದೆ ನರಗಳು ಸವೆಯುತ್ತಲೇ ಇರುತ್ತವೆ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಇನ್ನೊಂದು, ಬಿ6 ಹೆಚ್ಚಿರುವ ‘ನರದ ಮಾತ್ರೆ’ಗಳನ್ನು ವರ್ಷಗಟ್ಟಲೆ ತಿನ್ನುವುದು. ಅತಿಯಾದ ಬಿ6 ನರಗಳಿಗೇ ಪೆಟ್ಟು.

ಮೂತ್ರಪಿಂಡದ ತೊಂದರೆ ಇರುವವರು ತಾವಾಗಿಯೇ ಈ ಮಾತ್ರೆಗಳನ್ನು ಮುಟ್ಟಬೇಡಿ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಹಾಳಾದವರಿಗೆ ಫೋಲಿಕ್ ಆಮ್ಲ, ಬಿ6, ಬಿ12 ಮೂರನ್ನೂ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಕೆನಡಾದಲ್ಲಿ ನೋಡಿದರು. ಫಲಿತಾಂಶ ಬಂದದ್ದು 2010ರಲ್ಲಿ. ಹೋಮೋಸಿಸ್ಟೀನ್ ಇಳಿಯಿತು, ಆದರೆ ಮೂತ್ರಪಿಂಡದ ಶಕ್ತಿ ಇನ್ನೂ ಬೇಗ ಕುಸಿಯಿತು.

6. ಈಗ ಹೃದಯದ ಲೆಕ್ಕ

ಸಂಖ್ಯೆ ಇಳಿದರೆ ಹೃದಯಾಘಾತವೂ ತಪ್ಪುತ್ತದೆಯೇ? ಇದನ್ನು ದೊಡ್ಡದಾಗಿಯೇ ಪರೀಕ್ಷಿಸಿದ್ದಾರೆ. 2006ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಒಟ್ಟಿಗೇ ಬಂತು. ನಾರ್ವೆಯ ನಾರ್ವಿಟ್‌ನಲ್ಲಿ ಹೃದಯಾಘಾತವಾಗಿದ್ದ 3,749 ಜನರಿದ್ದರು, ಹೋಪ್-2ರಲ್ಲಿ 5,522 ಜನ. ಬಿ ವಿಟಮಿನ್ ಕೊಟ್ಟರು. ನಾರ್ವೆಯಲ್ಲಿ ಹೋಮೋಸಿಸ್ಟೀನ್ ಕಾಲುಭಾಗದಷ್ಟು ಇಳಿಯಿತು. ಹೃದಯಾಘಾತ ಮಾತ್ರ ಎರಡರಲ್ಲೂ ಕಡಿಮೆಯಾಗಲಿಲ್ಲ. ಹೋಪ್-2ರಲ್ಲಿ ಪಾರ್ಶ್ವವಾಯು ಸ್ವಲ್ಪ ಕಡಿಮೆ ಕಂಡಿತು. ಮುಂದೆ 2015ರಲ್ಲಿ ಚೀನಾದಲ್ಲಿ ಬಿಪಿ ಇರುವ 20,000ಕ್ಕೂ ಹೆಚ್ಚು ಜನರಲ್ಲಿ, ಬಿಪಿ ಮಾತ್ರೆಯ ಜೊತೆ ಫೋಲಿಕ್ ಆಮ್ಲ ಕೊಟ್ಟಾಗ ಮೊದಲ ಪಾರ್ಶ್ವವಾಯು ಶೇ 21ರಷ್ಟು ಕಡಿಮೆಯಾಯಿತು. ಆ ಭಾಗದ ಜನರ ಊಟದಲ್ಲಿ ಫೋಲೇಟ್ ಕಡಿಮೆ ಎಂಬುದನ್ನು ನೆನಪಿಡಿ. ಅಮೆರಿಕ, ಕೆನಡಾದಲ್ಲಿ 1998ರಿಂದ ಹಿಟ್ಟಿಗೇ ಫೋಲಿಕ್ ಆಮ್ಲ ಸೇರಿಸುತ್ತಾರೆ. ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸಿದರೆ ಏನು ಪ್ರಯೋಜನ ಎಂಬ ಪ್ರಶ್ನೆ ಇದ್ದೇ ಇದೆ.

ಇದರಿಂದ ನಾನು ತೆಗೆದುಕೊಳ್ಳುವ ಅರ್ಥ: ಬಿ12 ಕೊರತೆ ಇದ್ದರೆ ನರಕ್ಕಾಗಿ, ರಕ್ತಕ್ಕಾಗಿ, ನೆನಪಿಗಾಗಿ ಸರಿಮಾಡಿ. ಹೃದಯದ ವಿಮೆ ಎಂದು ಮಾತ್ರೆ ನುಂಗಬೇಡಿ. ಹೋಮೋಸಿಸ್ಟೀನ್ 12ಕ್ಕೆ ಇಳಿಯಿತೆಂದು ಬಿಪಿ ಮಾತ್ರೆ, ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ನಿಲ್ಲಿಸುವವರಿದ್ದಾರೆ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಅದೇ ರಿಪೋರ್ಟಿನ ಮೊದಲ ಪುಟಗಳಿಗೆ ತಿರುಗಿ. ಬಿಪಿ ಎಷ್ಟು, ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಎಷ್ಟು, ಮೂರು ತಿಂಗಳ ಸರಾಸರಿ ಶುಗರ್ ಎಷ್ಟು, ಸೊಂಟದ ಸುತ್ತಳತೆ ಎಷ್ಟು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ. ಹೊಗೆಸೊಪ್ಪು ಯಾವ ರೂಪದಲ್ಲಿದೆ, ಬೀಡಿಯೋ, ಎಲೆ ಅಡಿಕೆಯ ಜೊತೆಗಿನ ಕಡ್ಡಿಪುಡಿಯೋ? ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆಯುವುದು ಜೀವನೋಪಾಯ, ಬಾಯಿಗೆ ಹಾಕಿಕೊಳ್ಳುವುದು ಬೇರೆ. ಬೆಲ್ಲವೂ ಸಕ್ಕರೆಯೇ, ಮಂಡ್ಯದ ಸಾವಯವ ಬೆಲ್ಲವಾದರೂ. ಈ ಸಾಲಿನಲ್ಲಿ ಒಂದನ್ನು ಸರಿಮಾಡಿದರೂ ಹೋಮೋಸಿಸ್ಟೀನ್ ಹತ್ತು ಇಳಿಸಿದ್ದಕ್ಕಿಂತ ಹೃದಯಕ್ಕೆ ಹೆಚ್ಚು ಲಾಭ.

7. ಮತ್ತೆ ಪರೀಕ್ಷೆ

ಎರಡರಿಂದ ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಅದೇ ರೀತಿ ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ವಾರಕ್ಕೊಮ್ಮೆ ಮಾಡಿಸಿದರೆ ಲ್ಯಾಬಿಗೆ ಮಾತ್ರ ಉಪಕಾರ. ಬಿ12 ಸರಿಹೋಗಿಯೂ ಸಂಖ್ಯೆ ಇಳಿಯದಿದ್ದರೆ ಮೂತ್ರಪಿಂಡ, ಥೈರಾಯ್ಡ್, ಮಾತ್ರೆಗಳ ಪಟ್ಟಿಯನ್ನು ವೈದ್ಯರೊಂದಿಗೆ ಇನ್ನೊಮ್ಮೆ ನೋಡಿ. 15ರ ಆಸುಪಾಸಿಗೆ ಬಂದರೆ ಹೋಮೋಸಿಸ್ಟೀನ್ ಮತ್ತೆ ಮತ್ತೆ ಬೇಡ, ವರ್ಷಕ್ಕೊಮ್ಮೆ ಬಿ12 ಸಾಕು. ಇಂಜೆಕ್ಷನ್ ಕೋರ್ಸ್ ಮುಗಿಯಿತೆಂದು ಹಳೆಯ ತಟ್ಟೆಗೇ ವಾಪಸಾದರೆ ಬಿ12 ಮತ್ತೆ ಇಳಿಯುತ್ತದೆ. ಸಂಪೂರ್ಣ ಸಸ್ಯಾಹಾರಿಗಳು, ಮೆಟ್‌ಫಾರ್ಮಿನ್ ತಿನ್ನುವವರು ಕಡಿಮೆ ಪ್ರಮಾಣದ ಮಾತ್ರೆಯನ್ನು ಮುಂದುವರಿಸಬೇಕೇ ಎಂದು ಆಗಲೇ ಕೇಳಿಕೊಂಡುಬಿಡಿ.

ಮನೆಗೆ ಹೋಗಿ ಇನ್ನೊಂದು ಕೆಲಸ ಮಾಡಿ. ಅಡುಗೆಮನೆ ಒಂದೇ, ಹಾಲಿನ ಲೆಕ್ಕವೂ ಒಂದೇ. ನಿಮಗೆ ಕೊರತೆ ಇದ್ದರೆ ಅದೇ ಊಟ ಉಣ್ಣುವ ಎಪ್ಪತ್ತರ ಅತ್ತೆಗೂ, ಬಾಣಂತನಕ್ಕೆ ಬರಲಿರುವ ಮಗಳಿಗೂ ಇರುವ ಸಾಧ್ಯತೆ ಹೆಚ್ಚು. ಅತ್ತೆಯ ಪಾದ ಉರಿಯನ್ನು ‘ವಯಸ್ಸಾಯ್ತು’ ಎಂದು ಬಿಡಬೇಡಿ, ಬಿ12 ಪರೀಕ್ಷೆ ಮಾಡಿಸಿ. ಮಗಳಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯಲ್ಲಿ ಬಿ12 ಇದೆಯೇ ಎಂದು ಮುಂದಿನ ತಪಾಸಣೆಯಲ್ಲಿ ಕೇಳಿ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಬರೀ ಎದೆಹಾಲು ಕುಡಿಯುವ ಕೂಸಿಗೂ ಅದು ಸಿಗುವುದಿಲ್ಲ.